ಉಪ್ಪು ಹೊತ್ತವರು, ಉಪ್ಪಿನ ಹೆಸರಿನವನು

ನಮ್ಮ ದುರ್ಗದ ಸೀಮೆಯ ಸಂತೆಗಳಲ್ಲಿ, ಅದು ಹೊಳಲ್ಕೆರೆಯಾಗಲಿ, ಹಿರಿಯೂರಾಗಲಿ, ಹೊಸದುರ್ಗವಾಗಲಿ, ಮೊರ ಬುಟ್ಟಿಗಳನ್ನು ಹರಡಿಕೊಂಡು ಕುಳಿತಿರುವ ಕೊರಚರ ಹೆಂಗಸರನ್ನು ಕಾಣದವರು ವಿರಳ. ಮೊರವನ್ನು ಕೊಳ್ಳುವಾಗ ನಾಲ್ಕು ಕಾಸಿಗೆ ಚೌಕಾಸಿ ಮಾಡುತ್ತೇವೆ. ಕೊಂಡು ಮನೆಗೆ ಬಂದಮೇಲೆ ಮಾರಿದವಳನ್ನು ಮರೆಯುತ್ತೇವೆ. ಆದರೆ ಅವಳ ಜನ ಊರ ಹೊರಗೆ ಬೀಡುಬಿಟ್ಟರೆಂದರೆ ಹಿಂದಿನ ಹಿರಿಯರು ಮರೆಯುತ್ತಿರಲಿಲ್ಲ. ಸಂಜೆಯಾಗುತ್ತಲೇ ಹಿತ್ತಲ ಬಾಗಿಲಿನ ಅಗುಳಿಯನ್ನು ಎರಡೆರಡು ಸಲ ನೋಡಿ ಬರುತ್ತಿದ್ದರು. ಬಾಲ್ಯದಲ್ಲಿ ನಾನೂ ಅದನ್ನು ಕಂಡವನೇ. ಏನೂ ಕದಿಯದವರ ಮೇಲೆ ಇಷ್ಟು ಗುಮಾನಿ ಎಲ್ಲಿಂದ ಬಂತು ಎಂಬ ಪ್ರಶ್ನೆ ನನಗೆ ಬಹುಕಾಲದ ಮೇಲೆ ಹುಟ್ಟಿತು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ ಕಥೆಯೊಂದನ್ನು ಇಲ್ಲಿ ಹೇಳುತ್ತೇನೆ. ಕಥೆ ನಡೆದದ್ದು ಆಂಧ್ರದ ಕಡಲತೀರದಲ್ಲಿ. ಅದರ ಜನ ಮಾತ್ರ ನಮ್ಮ ಸಂತೆಯವರ ನೆಂಟರು.

ತಮಿಳಿನಲ್ಲಿ ಕೊರವ, ತೆಲುಗಿನಲ್ಲಿ ಎರುಕಲ, ನಮ್ಮಲ್ಲಿ ಕೊರಚ, ಕೊರಮ. ಮೂರು ನಾಡಿಗೆ ಹರಡಿದ ಒಂದೇ ಬಳ್ಳಿ ಇದು. ‘ಎರುಕ’ ಎಂದರೆ ಕಣಿ. ಕೈಯಲ್ಲಿ ಬೆತ್ತ, ಕಂಕುಳಲ್ಲಿ ಬುಟ್ಟಿ ಹಿಡಿದು ಮನೆಮನೆಯ ಮುಂದೆ ಕಣಿ ಹೇಳುವ ಕೊರವಂಜಿ ಈ ಕುಲದ ಹೆಣ್ಣು. ಕನ್ನಡಿಗರಿಗೆ ಅವಳು ಎಷ್ಟು ಪ್ರಿಯಳೆಂದರೆ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ತಮ್ಮ ವಿನೋದ ಮಾಸಪತ್ರಿಕೆಗೆ ಅವಳ ಹೆಸರನ್ನೇ ಇಟ್ಟರು. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುತ್ತಿದ್ದ ಶರಣ ನುಲಿಯ ಚಂದಯ್ಯನನ್ನು ಈ ಜನ ತಮ್ಮ ಹಿರಿಯನೆಂದು ಪೂಜಿಸುತ್ತಾರೆ. ಕಣಿ ಹೇಳುವವಳು ನಮಗೆ ಬೇಕಾದಳು, ಹಗ್ಗ ಹೊಸೆದ ಶರಣ ಬೇಕಾದ. ಅವರ ಅಣ್ಣತಮ್ಮಂದಿರು ಮಾತ್ರ ಕಳ್ಳರಾಗಿ ಉಳಿದರು!

ಇವರಲ್ಲಿ ಒಂದು ಪಂಗಡದವರ ಕಸುಬು ಉಪ್ಪು ಸಾಗಿಸುವುದು. ಎತ್ತು ಕತ್ತೆಗಳ ಮೇಲೆ ಕಡಲತೀರದ ಉಪ್ಪನ್ನು ಹೇರಿ ಘಟ್ಟ ಬಯಲುಗಳನ್ನು ದಾಟಿ ಒಳನಾಡಿಗೆ ತರುತ್ತಿದ್ದರು. ಇಲ್ಲಿಂದ ದವಸವನ್ನು ಒಯ್ಯುತ್ತಿದ್ದರು. ಬ್ರಿಟಿಷರು ಉಪ್ಪನ್ನು ತಮ್ಮ ಮುಷ್ಟಿಗೆ ತೆಗೆದುಕೊಂಡು ಕರ ಹಾಕಿದರು. ಆಮೇಲೆ ರೈಲು ಬಂತು. ನಮ್ಮ ಕಡೆಗೂ ಬಂತು. ಹೊಸದುರ್ಗ ರೋಡು, ಚಿಕ್ಕಜಾಜೂರು ಎಂಬ ನಿಲ್ದಾಣಗಳು ಎದ್ದವು. ಕತ್ತೆ ಎಂಟು ದಿನ ನಡೆದು ತರುವ ಉಪ್ಪನ್ನು ರೈಲು ಒಂದೇ ರಾತ್ರಿಯಲ್ಲಿ ತಂದು ಇಳಿಸುವಾಗ ಕತ್ತೆಯವನನ್ನು ಕೇಳುವವರು ಯಾರು? ಕಸುಬು ಹೋಯಿತು, ಅಲೆದಾಟ ಉಳಿಯಿತು. ಕಸುಬಿಲ್ಲದ ಅಲೆದಾಟ ಪೊಲೀಸರ ಕಣ್ಣಿಗೆ ಬೇರೆಯೇ ಆಗಿ ಕಾಣತೊಡಗಿತು.

1871ರಲ್ಲಿ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. 1911ರಲ್ಲಿ ಅದನ್ನು ತಿದ್ದಿ ಮದರಾಸು ಆಧಿಪತ್ಯಕ್ಕೂ ವಿಸ್ತರಿಸಿತು. ಕಳವು ಮಾಡಿದವನನ್ನು ಹಿಡಿಯುವುದು ಹಳೆಯ ನ್ಯಾಯ. ಇಂಥ ಜಾತಿಯಲ್ಲಿ ಹುಟ್ಟಿದ್ದೇ ಕಳವಿನ ಅರ್ಧ ಎನ್ನುವುದು ಹೊಸ ನ್ಯಾಯ! ಹೆಸರು ರಿಜಿಸ್ಟರಿನಲ್ಲಿ ಬರೆಯಿಸಬೇಕು, ಹೆಬ್ಬೆಟ್ಟು ಒತ್ತಬೇಕು, ಕರೆದಾಗ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಮದರಾಸು ಸರ್ಕಾರ ಎರುಕಲರನ್ನು ಒಂದೆಡೆ ನಿಲ್ಲಿಸಲು ವಸಾಹತುಗಳನ್ನು ತೆರೆಯಿತು. ನಡೆಸುವವರು ಬೇಕಲ್ಲ? ಮುಂದೆ ಬಂದವರು ಕ್ರೈಸ್ತ ಪಾದ್ರಿಗಳು.

ಅವರಲ್ಲಿ ಮುಖ್ಯರು ಸಾಲ್ವೇಷನ್ ಆರ್ಮಿಯವರು. 1865ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ವಿಲಿಯಂ ಬೂತ್ ಎಂಬಾತ ಕಟ್ಟಿದ ಈ ಪಂಥವನ್ನು 1882ರಲ್ಲಿ ಹಿಂದೂದೇಶಕ್ಕೆ ತಂದವನು ಫ್ರೆಡರಿಕ್ ಟಕ್ಕರ್. ಈತ ಐ.ಸಿ.ಎಸ್. ಅಧಿಕಾರಿಯಾಗಿದ್ದವನು. ಆ ಹುದ್ದೆಗೆ ರಾಜೀನಾಮೆ ಕೊಟ್ಟು, ಕಾವಿ ತೊಟ್ಟು, ಬರಿಗಾಲಲ್ಲಿ ನಡೆದು, ‘ಫಕೀರ್ ಸಿಂಗ್’ ಎಂದು ಹೆಸರಿಟ್ಟುಕೊಂಡು ಭಿಕ್ಷಾನ್ನ ಉಂಡ ಮನುಷ್ಯ. ಕಲೆಕ್ಟರಾಗಬಹುದಾಗಿದ್ದವನು ಹೀಗೆ ಬೀದಿಗೆ ಇಳಿದದ್ದನ್ನು ಬರಿಯ ಮತಪ್ರಚಾರದ ವೇಷವೆಂದು ತಳ್ಳಿಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇವರ ಕೈಗೆ ಬಂದ ವಸಾಹತುಗಳಲ್ಲಿ ಒಂದು ಚೀರಾಲ-ಬಾಪಟ್ಲಗಳ ನಡುವೆ 1913-14ರ ಸುಮಾರಿಗೆ ಏರ್ಪಟ್ಟಿತು. ಮದರಾಸು ಗವರ್ನರರ ಕಾರ್ಯಾಂಗ ಸಭೆಯಲ್ಲಿದ್ದ ಸರ್ ಹೆರಾಲ್ಡ್ ಸ್ಟುವರ್ಟರ ಹೆಸರಿನಿಂದ ಅದು ಸ್ಟುವರ್ಟ್‌ಪುರಂ ಆಯಿತು. ಪಾದ್ರಿಗಳು ಅಲ್ಲಿ ಶಾಲೆ ತೆರೆದರು, ಔಷಧ ಕೊಟ್ಟರು, ಸುತ್ತಣ ಹಳ್ಳಿಗರು ಹತ್ತಿರ ಸೇರಿಸದ ಜನರ ನಡುವೆ ತಾವೇ ಮನೆ ಮಾಡಿಕೊಂಡು ಬಾಳಿದರು. ಇದು ದಯೆಯಲ್ಲವೆಂದು ಯಾರು ಹೇಳಿಯಾರು? ಆದರೆ ಹಾಜರಿಯ ಪುಸ್ತಕವೂ ಅವರ ಕೈಯಲ್ಲೇ ಇತ್ತು. ಕೊಟ್ಟ ಭೂಮಿ ಎಲ್ಲರ ಹೊಟ್ಟೆಗೆ ಸಾಲದೆ ವಸಾಹತಿನವರು ಚೀರಾಲದ ತಂಬಾಕಿನ ಕಾರ್ಖಾನೆಗೆ ಕೂಲಿ ಹೋಗಬೇಕಾಯಿತು. ಬೈಬಲ್ಲನ್ನೂ ಬೀಗದ ಕೈಯನ್ನೂ ಒಬ್ಬನೇ ಹಿಡಿದಾಗ ಎದುರಿಗಿದ್ದವನಿಗೆ ಯಾವುದು ಮೊದಲು ಕಂಡೀತು ಎಂದು ಓದುಗರೇ ಊಹಿಸಬಹುದು.

1936ರಲ್ಲಿ ನೆಲ್ಲೂರಿಗೆ ಹೋಗಿದ್ದ ಜವಾಹರಲಾಲ್ ನೆಹರೂ ಅವರು ಈ ಕಾಯಿದೆಯನ್ನು ಬಹಿರಂಗವಾಗಿ ಖಂಡಿಸಿದರು. ಇಡೀ ಒಂದು ಜನಾಂಗವನ್ನು ಅಪರಾಧಿಯೆನ್ನುವುದು ಅವರಿಗೆ ಸಹಿಸಲಾಗದ ಮಾತಾಗಿತ್ತು. ಆದರೂ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ರಿಜಿಸ್ಟರು ಮುಚ್ಚಿತು, ಹೆಸರು ಅಳಿಯಲಿಲ್ಲ. ಸ್ಟುವರ್ಟ್‌ಪುರಂ ಎಂದರೆ ಕಳ್ಳರ ಊರು ಎಂಬ ಮಾತು ತೆಲುಗು ನಾಡಿನಲ್ಲೆಲ್ಲ ನಿಂತುಬಿಟ್ಟಿತು. ನಾನು ಒಮ್ಮೆ ಆ ದಾರಿಯಾಗಿ ರೈಲಿನಲ್ಲಿ ಹೋಗುತ್ತಿದ್ದಾಗ ಆ ಸಣ್ಣ ನಿಲ್ದಾಣದ ಹಲಗೆ ಕಾಣಿಸುತ್ತಲೇ ಎದುರಿಗಿದ್ದ ಗೃಹಸ್ಥರು ನಗುತ್ತ ತಮ್ಮ ಪೆಟ್ಟಿಗೆಯನ್ನು ಕಾಲಿನ ಬಳಿಗೆ ಎಳೆದುಕೊಂಡರು. ಗಾಡಿ ಅಲ್ಲಿ ನಿಲ್ಲಲೂ ಇಲ್ಲ!

ಇನ್ನು ನಾಸ್ತಿಕರ ಮಾತಿಗೆ ಬರೋಣ. ಗೋಪರಾಜು ರಾಮಚಂದ್ರರಾವ್, ‘ಗೋರಾ’ ಎಂದು ಪ್ರಸಿದ್ಧರಾದವರು, ಹುಟ್ಟಿದ್ದು 1902ರಲ್ಲಿ, ಆಚಾರವಂತ ಬ್ರಾಹ್ಮಣ ಕುಟುಂಬದಲ್ಲಿ. ಸಸ್ಯಶಾಸ್ತ್ರದ ಅಧ್ಯಾಪಕರು. ತರುಣರಾಗಿದ್ದಾಗ ಮಧುರೆಯ ಅಮೆರಿಕನ್ ಮಿಷನ್ನಿನ ಕಾಲೇಜಿನಲ್ಲಿ ಕೆಲಸದಲ್ಲಿದ್ದರು. ಕ್ರೈಸ್ತರಾಗುವುದಾದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಓದಿಸುತ್ತೇವೆಂದು ಅಲ್ಲಿಯವರು ಹೇಳಿದರು. ಗೋರಾ ಒಲ್ಲೆನೆಂದು ಹೊರಟುಬಂದರು. ಮುಂದೆ 1933ರಲ್ಲಿ ದೇವರಿಲ್ಲವೆಂದು ಬರೆದುದಕ್ಕಾಗಿ ಕಾಕಿನಾಡದ ಕಾಲೇಜಿನ ಕೆಲಸವೂ ಹೋಯಿತು. ಹೀಗೆ ಅವರು ಕ್ರಿಸ್ತನಿಗಾಗಿ ಒಂದು ಬಾಗಿಲನ್ನೂ ರಾಮನಿಗಾಗಿ ಇನ್ನೊಂದು ಬಾಗಿಲನ್ನೂ ಬಿಟ್ಟುಬಂದರು. 1940ರಲ್ಲಿ ಅವರೂ ಪತ್ನಿ ಸರಸ್ವತಿ ಗೋರಾ ಅವರೂ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ಅದು 1947ರಲ್ಲಿ ವಿಜಯವಾಡಕ್ಕೆ ಬಂತು. ಗಾಂಧೀಜಿಯವರೊಡನೆ ದೇವರ ವಿಷಯವಾಗಿ ವಾದಿಸಿ, ಅವರ ಸ್ನೇಹವನ್ನೂ ಉಳಿಸಿಕೊಂಡ ಭಾಗ್ಯ ಗೋರಾ ಅವರದು.

ಅವರು ಮಕ್ಕಳಿಗೆ ದೇವರ ಹೆಸರುಗಳನ್ನು ಇಡಲಿಲ್ಲ. ಮಹಾಯುದ್ಧದ ಕಾಲದ ಮಗ ಸಮರಂ, ಒಂಬತ್ತನೆಯ ಮಗು ನೌ. ಉಪ್ಪಿನ ಸತ್ಯಾಗ್ರಹದ ವರ್ಷವಾದ 1930ರಲ್ಲಿ ಹುಟ್ಟಿದ ಮಗ ಲವಣಂ. ನಮ್ಮ ಕಥೆಯಲ್ಲಿ ಮುಂದೆ ಬರುವವನು ಈ ಉಪ್ಪಿನ ಹೆಸರಿನವನೇ.

1960ರಲ್ಲಿ ಲವಣಂ ಅವರು ಹೇಮಲತಾ ಅವರನ್ನು ಮದುವೆಯಾದರು. ಆಕೆ ಮಹಾಕವಿ ಗುರ್ರಂ ಜಾಷುವಾ ಅವರ ಮಗಳು. ಜಾಷುವಾ ಅಸ್ಪೃಶ್ಯರೆನಿಸಿಕೊಂಡವರ ನಡುವಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಜಾತಿಯ ಅಪಮಾನವನ್ನು ತೆಲುಗು ಪದ್ಯದಲ್ಲಿ ಸುಟ್ಟು ಬರೆದವರು. ನಾಸ್ತಿಕರ ಮನೆಗೆ ಕ್ರೈಸ್ತರ ಮನೆಯ ಸೊಸೆ! ಯಾರೂ ಯಾರ ಮತಕ್ಕೂ ಸೇರಬೇಕೆಂಬ ಕರಾರು ಅಲ್ಲಿರಲಿಲ್ಲ.

1974ರಲ್ಲಿ ಈ ದಂಪತಿಗಳು ಸ್ಟುವರ್ಟ್‌ಪುರಂಗೆ ಹೋದರು. ಆ ಹೊತ್ತಿಗೆ ಅಲ್ಲಿಯ ಎಷ್ಟೋ ಕುಟುಂಬಗಳು ಕ್ರೈಸ್ತರಾಗಿದ್ದವು; ಭಾನುವಾರ ಪ್ರಾರ್ಥನೆಗೆ ಹೋಗುವವರ ನಡುವೆ ದೇವರನ್ನೇ ನಂಬದವನು ಬಂದು ಕುಳಿತ. ಲವಣಂ ಅವರು ವಿನೋಬಾರ ಆಂಧ್ರ ಪಾದಯಾತ್ರೆಯಲ್ಲಿ ಅವರ ಮಾತುಗಳನ್ನು ತೆಲುಗಿಗೆ ತಿರುಗಿಸಿ ಹೇಳುತ್ತಿದ್ದವರು; ಜನರೊಡನೆ ಕುಳಿತು ಮಾತನಾಡುವ ವಿದ್ಯೆ ಅವರಿಗೆ ಅಲ್ಲಿಯೇ ಸಿದ್ಧಿಸಿತ್ತು. ಕಳವು ಬಿಡಿರೆಂದು ಊರಿನವರಿಗೆ ಹೇಳುವುದು, ಬಿಟ್ಟವರನ್ನು ಕಾಡಬೇಡಿರೆಂದು ಪೊಲೀಸರಿಗೆ ಹೇಳುವುದು, ಬಿಟ್ಟವರು ಉಣ್ಣುವುದು ಏನನ್ನು ಎಂದು ಸರ್ಕಾರವನ್ನು ಕೇಳುವುದು, ಇವೇ ಅವರ ಕೆಲಸ. ಕೇಳುವುದಕ್ಕೆ ಸುಲಭ. ಮೂರು ಕಡೆಯೂ ನಂಬದವರೇ ಇದ್ದಾಗ ನಡುವೆ ನಿಲ್ಲುವವನ ಪಾಡು ನಮಗೆ ಗೊತ್ತು. ಹೇಮಲತಾ ಅವರು ಹೆಂಗಸರ, ಮಕ್ಕಳ ಕಡೆಯಿಂದ ಕೆಲಸ ಹಿಡಿದರು. ಗಂಡ ಜೈಲಿನಲ್ಲಿರುವಾಗ ಒಲೆ ಹಚ್ಚಬೇಕಾದವಳ ಕಷ್ಟವನ್ನು ಗಂಡಸಿಗಿಂತ ಹೆಂಗಸು ಬೇಗ ತಿಳಿಯುತ್ತಾಳೆ. ಈ ಕೆಲಸ ‘ಸಂಸ್ಕಾರ್’ ಎಂಬ ಸಂಸ್ಥೆಯಾಗಿ ಬೆಳೆಯಿತು. ಇವರ ಮಾತಿನ ಮೇಲೆ ಕಳವನ್ನು ಬಿಟ್ಟು ಮನೆ ಮಕ್ಕಳೊಡನೆ ನೆಲೆನಿಂತವರು ಅನೇಕರು.

ಈ ಎರಡು ದಯೆಗಳಲ್ಲಿ ದೊಡ್ಡದು ಯಾವುದು? ಮತವನ್ನು ದ್ವೇಷಿಸುವ ನನ್ನ ಸ್ನೇಹಿತರೊಬ್ಬರು ಎರಡನೆಯದನ್ನು ಎತ್ತಿ ಹಿಡಿದು ಮೊದಲನೆಯದನ್ನು ಬರಿಯ ಜೈಲೆನ್ನುತ್ತಾರೆ. ದೇವಭಕ್ತರಾದ ಇನ್ನೊಬ್ಬರು ಪಾದ್ರಿಗಳು ಉತ್ತ ನೆಲದಲ್ಲಿ ನಾಸ್ತಿಕರು ಬೆಳೆ ಕೊಯ್ದರೆನ್ನುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿಯಾಗಿ ಸೇರದು. ಪಾದ್ರಿಗೆ ಸರ್ಕಾರದ ಬೆತ್ತ ಜೊತೆಗಿತ್ತು. ಆದ್ದರಿಂದ ಅವನ ದಯೆ ಎಷ್ಟು, ಬೆತ್ತದ ಭಯ ಎಷ್ಟು ಎಂದು ಅವನಿಗೇ ತಿಳಿಯುವ ಬಗೆ ಇರಲಿಲ್ಲ. ಲವಣಂ ಅವರ ಕೈಯಲ್ಲಿ ಬೆತ್ತವಿರಲಿಲ್ಲ, ಪರಲೋಕದ ಆಸೆಯೂ ಇರಲಿಲ್ಲ. ಊರಿನವರು ಬಾ ಎಂದರೆ ಒಳಗೆ, ಹೋಗು ಎಂದರೆ ಹೊರಗೆ. ಆದರೆ ಮೊತ್ತಮೊದಲು ಆ ಜನರ ಮಗುವಿಗೆ ಸ್ಲೇಟು ಕೊಟ್ಟು ಅಕ್ಷರ ಕಲಿಸಬಹುದೆಂದು ನಂಬಿದವನು ಪಾದ್ರಿ. ಹುಟ್ಟುಗಳ್ಳನೆಂದು ಕಾನೂನೇ ಬರೆದಿಟ್ಟ ಕಾಲದಲ್ಲಿ ಆ ನಂಬಿಕೆ ಸಣ್ಣದಲ್ಲ.

ಹೇಮಲತಾ ಅವರು ಆಮೇಲೆ ನಿಜಾಮಾಬಾದಿನ ಕಡೆಗೆ ಹೋಗಿ, ದೇವರಿಗೆ ಬಿಟ್ಟ ಜೋಗಿನಿಯರ ನಡುವೆ ಕೆಲಸ ಮಾಡಿದರು. ಜೋಗಿನಿ ಎಂದರೆ ನಮ್ಮ ಬಸವಿಯ ಅಕ್ಕ. 2008ರಲ್ಲಿ ಹೇಮಲತಾ, 2015ರಲ್ಲಿ ಲವಣಂ ತೀರಿಕೊಂಡರು. 2006ರವರೆಗೆ ಬಾಳಿದ ಸರಸ್ವತಿ ಗೋರಾ ಅವರಿಗೆ ನಮ್ಮ ಕರ್ನಾಟಕ ಸರ್ಕಾರ ಬಸವ ಪುರಸ್ಕಾರವನ್ನು ಕೊಟ್ಟಿತ್ತು. ದೇವರನ್ನು ನಂಬದ ಹಿರಿಯಾಕೆ ಕೂಡಲಸಂಗನ ಭಕ್ತನ ಹೆಸರಿನ ಗೌರವವನ್ನು ಪಡೆದರು.

ಇತ್ತ 2023ರಲ್ಲಿ ಸ್ಟುವರ್ಟ್‌ಪುರಂನ ಹೆಸರಾಂತ ಕಳ್ಳನೊಬ್ಬನ ಮೇಲೆ ತೆಲುಗಿನಲ್ಲಿ ದೊಡ್ಡ ಚಲನಚಿತ್ರವೊಂದು ತೆರೆಗೆ ಬಂತು. ಅಲ್ಲಿ ಪಾಠ ಹೇಳಿದ ಉಪಾಧ್ಯಾಯರ ಮೇಲೆ ಯಾರೂ ಚಿತ್ರ ತೆಗೆದಿಲ್ಲ. ಆಂಧ್ರದ ಪಟ್ಟಿಯಲ್ಲಿ ಎರುಕಲರು ಪರಿಶಿಷ್ಟ ಪಂಗಡ, ನಮ್ಮ ಪಟ್ಟಿಯಲ್ಲಿ ಕೊರಚ ಕೊರಮರು ಪರಿಶಿಷ್ಟ ಜಾತಿ. ಗಡಿಯ ಈಚೆಗೆ ಅಕ್ಕ, ಆಚೆಗೆ ತಂಗಿ. ಹೊಳಲ್ಕೆರೆಯ ಸಂತೆಯಲ್ಲಿ ಬಿದಿರು ದುಬಾರಿಯಾಯಿತೆಂದು ಮೊರದ ಬೆಲೆಯನ್ನು ಈಗ ಏರಿಸಿದ್ದಾರೆ.