ಹತೋಟಿ ಯಾರ ಕೈಯಲ್ಲಿ? ಕೆಲಸದ ಒತ್ತಡದ ಅಧ್ಯಯನ ನಡೆದುಬಂದ ದಾರಿ

ಕೆಲಸದ ಒತ್ತಡವನ್ನು ನಿಭಾಯಿಸುವುದು ಹೇಗೆಂದು ಕೇಳಿದರೆ ಇಂದು ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ: ಉಸಿರಾಟದ ಅಭ್ಯಾಸ, ಧ್ಯಾನ, ಸಮಯದ ಶಿಸ್ತು, ಒಳ್ಳೆಯ ಮನೋಭಾವ. ಈ ಉತ್ತರಗಳು ಸುಳ್ಳಲ್ಲ. ಆದರೆ ಸುಮಾರು ಒಂದು ಶತಮಾನದ ಸಂಶೋಧನೆ ಹೋಗಿ ಮುಟ್ಟಿದ್ದು ಬೇರೆ ಜಾಗವನ್ನು. ಒತ್ತಡವನ್ನು ಮೊದಲು ದೇಹದಲ್ಲಿ ಹುಡುಕಿದ ವಿಜ್ಞಾನ, ಆಮೇಲೆ ಮನಸ್ಸಿನಲ್ಲಿ ಹುಡುಕಿತು. ಕೊನೆಗೆ ಅದರ ಮುಖ್ಯ ಮೂಲ ಕೆಲಸವನ್ನು ಹಂಚಿಕೊಟ್ಟ ರೀತಿಯಲ್ಲೇ ಇದೆ ಎಂದು ಕಂಡುಕೊಂಡಿತು. ಕಚೇರಿ ಕಾರ್ಖಾನೆಗಳಲ್ಲಿ ಕೊಡುವ ಪರಿಹಾರಗಳು ಮಾತ್ರ ಎರಡನೆಯ ಹಂತವನ್ನು ದಾಟಿಲ್ಲ. ಈ ಅಂತರ ಏಕೆ ಉಳಿಯಿತು, ಅದರಿಂದ ಯಾರಿಗೆ ನಷ್ಟ ಎಂಬುದು ಈ ಅಧ್ಯಯನಗಳ ಚರಿತ್ರೆಯಲ್ಲೇ ತಿಳಿಯುತ್ತದೆ.

ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ, ಅಪಾಯ ಎದುರಾದಾಗ ಪ್ರಾಣಿಯ ದೇಹ ಕಾದಾಟಕ್ಕೋ ಓಟಕ್ಕೋ ಹೇಗೆ ಸಜ್ಜಾಗುತ್ತದೆ ಎಂದು ವಿವರಿಸಿದ್ದರು. ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಜೀರ್ಣಕ್ರಿಯೆ ತಗ್ಗುತ್ತದೆ. ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯಗೊಳಿಸಿದರೂ, ಔಷಧ ಚುಚ್ಚಿದರೂ ಕಾಣುವ ಲಕ್ಷಣಗಳು ಒಂದೇ. ಅಡ್ರಿನಲ್ ಗ್ರಂಥಿ ಊದುತ್ತದೆ, ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಕಾರಣ ಯಾವುದೇ ಇರಲಿ, ದೇಹದ ಪ್ರತಿಕ್ರಿಯೆ ಒಂದೇ ಎಂಬ ಈ ತೀರ್ಮಾನ ಅಂದಿಗೆ ದೊಡ್ಡದು. ಆದರೆ ಅದರಲ್ಲೊಂದು ತೊಡಕೂ ಇತ್ತು. ಕಾರಣ ಯಾವುದಾದರೇನು ಎಂದಮೇಲೆ ಕಾರಣವನ್ನು ವಿಚಾರಿಸುವ ಆಸಕ್ತಿಯೇ ಸಡಿಲವಾಗುತ್ತದೆ.

ಆ ಸಡಿಲಿಕೆಯ ಲಾಭ ಪಡೆದವರಿದ್ದರು. ಸ್ಯಾನ್‌ಫ್ರಾನ್ಸಿಸ್ಕೊದ ಹೃದ್ರೋಗ ತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ 1959ರಲ್ಲಿ ಸದಾ ಅವಸರಪಡುವ, ಸ್ಪರ್ಧೆಗಿಳಿಯುವ, ಬೇಗ ಸಿಡುಕುವ ‘ಟೈಪ್ ಎ’ ಸ್ವಭಾವಕ್ಕೂ ಹೃದಯಾಘಾತಕ್ಕೂ ನಂಟಿದೆ ಎಂದರು. ಸಿಗರೇಟ್ ಕಂಪನಿಗಳ ಒಳಕಡತಗಳು ಮುಂದೆ ನ್ಯಾಯಾಲಯಗಳ ಮೂಲಕ ಬಯಲಿಗೆ ಬಂದಾಗ, ಸೆಲ್ಯೆಯವರಿಗೂ ಟೈಪ್ ಎ ಸಂಶೋಧನೆಗೂ ತಂಬಾಕು ಉದ್ಯಮದಿಂದ ಹಣ ಹರಿದದ್ದು ಸಾಬೀತಾಯಿತು. ಹೃದಯ ಕೆಡುವುದು ಧೂಮಪಾನದಿಂದಲ್ಲ, ಮನುಷ್ಯನ ಸ್ವಭಾವದಿಂದ ಮತ್ತು ಒತ್ತಡದಿಂದ ಎಂದು ಹೇಳುವುದು ಆ ಉದ್ಯಮಕ್ಕೆ ಬೇಕಾಗಿತ್ತು. ಇದರಿಂದ ಸೆಲ್ಯೆಯವರ ಪ್ರಯೋಗಗಳು ಸುಳ್ಳಾಗುವುದಿಲ್ಲ. ಆದರೆ ಒತ್ತಡವನ್ನು ವ್ಯಕ್ತಿಯೊಳಗಿನ ಸಮಸ್ಯೆಯಾಗಿ ನೋಡುವ ರೂಢಿ ಬರೀ ವಿಜ್ಞಾನದ ಬಲದಿಂದ ಬೇರೂರಲಿಲ್ಲ ಎಂಬುದನ್ನು ಮರೆಯಬಾರದು.

ಮನಸ್ಸಿನ ಪಾತ್ರವನ್ನು ನ್ಯಾಯವಾಗಿ ತೂಗಿದವರು ರಿಚರ್ಡ್ ಲಜಾರಸ್. 1966ರ ಪುಸ್ತಕದಲ್ಲೂ, ಸೂಸನ್ ಫೋಕ್‌ಮನ್ ಜೊತೆಗೂಡಿ 1984ರಲ್ಲಿ ಬರೆದ ಪುಸ್ತಕದಲ್ಲೂ ಅವರು ಹೇಳಿದ್ದಿಷ್ಟು: ಘಟನೆಯೊಂದು ಒತ್ತಡವಾಗುವುದು, ಇದು ನನಗೆ ಅಪಾಯವೇ, ಎದುರಿಸುವ ಶಕ್ತಿ ನನ್ನಲ್ಲಿದೆಯೇ ಎಂದು ಮನುಷ್ಯ ಅಳೆದ ಮೇಲೆ. ನಿಭಾಯಿಸುವ ದಾರಿಗಳನ್ನೂ ಅವರು ಎರಡಾಗಿ ನೋಡಿದರು. ಒಂದು ಸಮಸ್ಯೆಯನ್ನೇ ಬದಲಿಸುವುದು, ಇನ್ನೊಂದು ಸಮಸ್ಯೆ ಹುಟ್ಟಿಸಿದ ಸಂಕಟವನ್ನು ಶಮನ ಮಾಡಿಕೊಳ್ಳುವುದು. ಪರಿಸ್ಥಿತಿ ಬದಲಾಯಿಸಬಹುದಾದದ್ದು ಎನಿಸಿದರೆ ಜನ ಮೊದಲನೆಯದನ್ನು ಹೆಚ್ಚು ಹಿಡಿಯುತ್ತಾರೆ, ಕೈಮೀರಿದ್ದು ಎನಿಸಿದರೆ ಎರಡನೆಯದನ್ನು. ಇಂದಿನ ಕಾರ್ಯಾಗಾರಗಳು ಕಲಿಸುವುದು ಬಹುಪಾಲು ಎರಡನೆಯದನ್ನೇ. ಪರಿಸ್ಥಿತಿ ನಿಮ್ಮ ಕೈಯಲ್ಲಿಲ್ಲ ಎಂದು ಹೇಳದೆಯೇ ಒಪ್ಪಿಸಿಬಿಡುವ ಪಾಠ ಅದು.

ಕೈಯಲ್ಲಿರುವುದು, ಇಲ್ಲದಿರುವುದು ಎಂಬ ಈ ವಿಷಯದಲ್ಲೇ ಶಾಸ್ತ್ರ ಒಮ್ಮೆ ದೊಡ್ಡದಾಗಿ ಎಡವಿತ್ತು. 1958ರಲ್ಲಿ ಜೋಸೆಫ್ ಬ್ರೇಡಿ ಕೋತಿಗಳ ಮೇಲೊಂದು ಪ್ರಯೋಗ ಮಾಡಿದರು. ಜೋಡಿಯಲ್ಲಿ ಒಂದು ಕೋತಿ ಸನ್ನೆ ಒತ್ತಿದರೆ ಎರಡಕ್ಕೂ ವಿದ್ಯುತ್ ಆಘಾತ ತಪ್ಪುತ್ತಿತ್ತು. ಇನ್ನೊಂದರ ಕೈಯಲ್ಲಿ ಏನೂ ಇರಲಿಲ್ಲ. ಹುಣ್ಣಾಗಿ ಸತ್ತದ್ದು ಸನ್ನೆ ಒತ್ತುವ ‘ಅಧಿಕಾರಿ ಕೋತಿ’. ಹೊಣೆ ಹೊತ್ತವರಿಗೇ ರೋಗ ಎಂಬ ನಂಬಿಕೆಗೆ ಇದರಿಂದ ಬಲ ಬಂತು. ಆದರೆ ಬೇಗ ಸನ್ನೆ ಒತ್ತಲು ಕಲಿತ ಕೋತಿಗಳನ್ನೇ ಬ್ರೇಡಿ ಅಧಿಕಾರಿಗಳಾಗಿ ಆರಿಸಿಕೊಂಡಿದ್ದರು. ಅವು ಮೊದಲೇ ಹೆಚ್ಚು ಗಾಬರಿಯವು ಆಗಿದ್ದಿರಬಹುದು. ಜೇ ವೈಸ್ ಎಂಬ ಸಂಶೋಧಕರು ಮುಂದೆ ಇಲಿಗಳನ್ನು ಯಾದೃಚ್ಛಿಕವಾಗಿ ಹಂಚಿ ಇಂಥದೇ ಪ್ರಯೋಗ ಮಾಡಿದಾಗ ಫಲ ತಿರುಗುಮುರುಗಾಯಿತು. ಆಘಾತ ಅಷ್ಟೇ ಇದ್ದರೂ, ಹತೋಟಿ ಇಲ್ಲದ ಇಲಿಗಳಿಗೇ ಹುಣ್ಣು ಹೆಚ್ಚು.

ಮನುಷ್ಯರಲ್ಲೂ ಇದೇ ನಿಜವೆಂದು ತೋರಿಸಿದ್ದು ಲಂಡನ್ನಿನ ವೈಟ್‌ಹಾಲ್ ಅಧ್ಯಯನಗಳು. 1967ರಲ್ಲಿ ಶುರುವಾದ ಮೊದಲ ಅಧ್ಯಯನ ಸುಮಾರು 18,000 ಪುರುಷ ಸರ್ಕಾರಿ ನೌಕರರನ್ನು ಹಿಂಬಾಲಿಸಿತು. ಕೆಳಗಿನ ದರ್ಜೆಯ ಜವಾನರು, ಬಾಗಿಲು ಕಾಯುವವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಈ ವ್ಯತ್ಯಾಸದ ಅರ್ಧದಷ್ಟಕ್ಕೂ ಕಾರಣ ಸಿಗಲಿಲ್ಲ. ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನಕ್ಕೆ 10,308 ಮಂದಿ ಸೇರಿದರು, ಈ ಬಾರಿ ಹೆಂಗಸರೂ ಇದ್ದರು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಉಳಿದ ವ್ಯತ್ಯಾಸದ ದೊಡ್ಡ ಪಾಲನ್ನು ವಿವರಿಸಿದ್ದು, ತನ್ನ ಕೆಲಸದ ಮೇಲೆ ತನಗಿರುವ ಹತೋಟಿ ಎಂಬ ಒಂದೇ ಅಂಶ. ಅಸಮಾಧಾನಿಗಳು ಎಲ್ಲದಕ್ಕೂ ದೂರುತ್ತಾರೆ, ಹತೋಟಿ ಇಲ್ಲವೆನ್ನುವುದೂ ಅಂಥದೇ ದೂರು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಸಂಶೋಧಕರು ನೌಕರರ ಮಾತನ್ನಷ್ಟೇ ನಂಬಿ ಕೂರಲಿಲ್ಲ. ಆಯಾ ಹುದ್ದೆಗೆ ಎಷ್ಟು ಹತೋಟಿ ಇದೆ ಎಂದು ಸಿಬ್ಬಂದಿ ವಿಭಾಗದ ಅಧಿಕಾರಿಗಳಿಂದಲೂ ಅಂದಾಜು ಪಡೆದರು. ಆ ಅಂದಾಜಿನಿಂದಲೂ ಅದೇ ನಂಟು ಕಂಡುಬಂತು.

ಈ ಫಲಿತಾಂಶವನ್ನು ಅರ್ಥಮಾಡಿಕೊಳ್ಳುವ ಚೌಕಟ್ಟನ್ನು ರಾಬರ್ಟ್ ಕರಾಸೆಕ್ 1979ರಲ್ಲೇ ಕೊಟ್ಟಿದ್ದರು. ಅಮೆರಿಕ ಮತ್ತು ಸ್ವೀಡನ್ನಿನ ಸಮೀಕ್ಷೆಗಳನ್ನು ಆಧರಿಸಿ, ಕೆಲಸದ ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ, ಹೊರೆ ಹೆಚ್ಚಿದ್ದು ನಿರ್ಧಾರದ ಸ್ವಾತಂತ್ರ್ಯ ಕಡಿಮೆಯಿದ್ದಾಗ ಕುಗ್ಗಿಸುತ್ತದೆ ಎಂದು ಅವರು ತೋರಿಸಿದರು. ಜೊತೆಗಾರರ ಆಸರೆಯೂ ಎಣಿಕೆಗೆ ಬರಬೇಕೆಂದು ಜಾನ್ಸನ್ ಮತ್ತು ಹಾಲ್ 1988ರಲ್ಲಿ ಸೇರಿಸಿದರು. ದುಡಿಮೆಗೆ ತಕ್ಕ ಸಂಬಳ, ಗೌರವ, ಭದ್ರತೆ ಸಿಗದಿದ್ದರೆ ಅದೂ ರೋಗಕ್ಕೆ ದಾರಿ ಎಂದು ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ವಾದಿಸಿದರು. ಇದೆಲ್ಲಕ್ಕಿಂತ ಮೊದಲೇ ನಮ್ಮ ದೇಶದಲ್ಲೊಂದು ಪ್ರಯೋಗ ನಡೆದಿತ್ತು. ಅದು ಸಿಗಬೇಕಾದಷ್ಟು ಮನ್ನಣೆ ಪಡೆಯಲಿಲ್ಲ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಬಂದರು. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರೂ ಉತ್ಪಾದನೆ ನಿರೀಕ್ಷಿಸಿದಂತೆ ಏರಿರಲಿಲ್ಲ. ಕೆಲಸವನ್ನು ಸಣ್ಣಸಣ್ಣ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ವಹಿಸಿದ್ದರು. ಯಾರಿಗೂ ಒಂದು ಮಗ್ಗ ತನ್ನದೆನ್ನುವ ಹಾಗಿರಲಿಲ್ಲ. ಒಂದಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪು ಪೂರ್ತಿಯಾಗಿ ನೋಡಿಕೊಳ್ಳಲಿ ಎಂಬ ಸಲಹೆ ಬಂದಾಗ ನೇಕಾರರು ತಾವೇ ಮುಂದಾಗಿ ಗುಂಪು ಕಟ್ಟಿಕೊಂಡರು. ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಹತೋಟಿಯ ಮಾತು ಪಾಶ್ಚಾತ್ಯ ವ್ಯಕ್ತಿವಾದದ ಕೂಸು, ಹೇಳಿದ್ದನ್ನು ಕೇಳಿ ನಡೆಯುವ ನಮ್ಮ ಸಮಾಜಕ್ಕೆ ಒಗ್ಗದು ಎಂಬ ಆಕ್ಷೇಪಕ್ಕೆ ಆ ನೇಕಾರರೇ ಉತ್ತರ.

ಕಾರಣವನ್ನು ಕೆಲಸದಲ್ಲೇ ಹುಡುಕುವ ಈ ನೋಟ ಒತ್ತಡಕ್ಕೆ ಕೊಟ್ಟ ಹೆಸರುಗಳಲ್ಲೂ ಅಳತೆಗಳಲ್ಲೂ ಕಾಣುತ್ತದೆ. ದುಡಿದು ದುಡಿದು ಪೂರ್ತಿ ಬಳಲಿಹೋಗುವುದನ್ನು ಹೇಳುವ ಬರ್ನ್‌ಔಟ್ ಎಂಬ ಮಾತು 1974ರಲ್ಲಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರ ಅನುಭವದಿಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬರೆದ ಲೇಖನದ ಮೂಲಕ ಚಲಾವಣೆಗೆ ಬಂತು. ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಅದಕ್ಕೊಂದು ಅಳತೆಗೋಲು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ರೋಗಪಟ್ಟಿಯ ಹನ್ನೊಂದನೆಯ ಪರಿಷ್ಕರಣೆ ಅದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಭಾರತದಲ್ಲಿ ಶ್ರೀವಾಸ್ತವ ಮತ್ತು ಸಿಂಗ್ 1981ರಲ್ಲಿ, ಉದಯ್ ಪಾರೀಕ್ 1983ರಲ್ಲಿ ತಯಾರಿಸಿದ ಮಾಪನಗಳು ಪಾತ್ರಗಳ ಘರ್ಷಣೆ, ಅಸ್ಪಷ್ಟ ಹೊಣೆಗಾರಿಕೆಯಂಥ ಸಂಸ್ಥೆಯೊಳಗಿನ ಕಾರಣಗಳನ್ನೇ ಅಳೆಯುತ್ತವೆ.

ಹಾಗಾದರೆ ಧ್ಯಾನ, ತರಬೇತಿಗಳೆಲ್ಲ ವ್ಯರ್ಥವೇ? ಅಲ್ಲ. ರಿಚರ್ಡ್‌ಸನ್ ಮತ್ತು ರಾತ್‌ಸ್ಟೀನ್ 2008ರಲ್ಲಿ 36 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಯೋಚನೆಯ ಧಾಟಿಯನ್ನು ತಿದ್ದುವ ತರಬೇತಿಗಳಿಂದ ಒಳ್ಳೆಯ ಪರಿಣಾಮವೇ ಕಂಡಿತ್ತು. ಆದರೆ ನುರಿತವರು ಚಿಕ್ಕ ಗುಂಪಿಗೆ ಕೊಡುವ ತರಬೇತಿ ಬೇರೆ, ಸಂಸ್ಥೆಯೊಂದು ಎಲ್ಲರ ಮೊಬೈಲಿಗೆ ಹಾಕಿಕೊಡುವ ಆ್ಯಪ್ ಬೇರೆ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಪರಿಶೀಲಿಸಿದರು. ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಸುಖವಾಗೇನೂ ಇರಲಿಲ್ಲ. ಸ್ವಯಂಸೇವೆಗೆ ಅವಕಾಶ ಕೊಟ್ಟ ಕಡೆ ಮಾತ್ರ ತುಸು ಒಳಿತು ಕಂಡಿತು. ಇದು ಯಾದೃಚ್ಛಿಕ ಪ್ರಯೋಗವಲ್ಲ, ಹೆಚ್ಚು ನೊಂದವರೇ ಸೇರಿರಬಹುದು ಎನ್ನುವುದು ಸರಿಯಾದ ಆಕ್ಷೇಪವೇ. ಆದರೆ ಇಲಿನಾಯ್ ವಿಶ್ವವಿದ್ಯಾಲಯ ತನ್ನ ಸುಮಾರು 5,000 ನೌಕರರ ಮೇಲೆ ನಡೆಸಿದ, 2019ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಕಂಡದ್ದು ಈ ಊಹೆಗೆ ಎದುರು. ಸ್ವಾಸ್ಥ್ಯ ಕಾರ್ಯಕ್ರಮಗಳಿಗೆ ಓಡಿಬರುವವರು ಮೊದಲೇ ಗಟ್ಟಿಯಾಗಿರುವವರು. ಕಾರ್ಯಕ್ರಮದಿಂದ ವೈದ್ಯಕೀಯ ವೆಚ್ಚದಲ್ಲಾಗಲಿ ಆರೋಗ್ಯದ ನಡವಳಿಕೆಯಲ್ಲಾಗಲಿ ಗಣನೀಯ ಬದಲಾವಣೆ ಇಲ್ಲ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಗಟ್ಟಿ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೆ ಮನೆಯಿಂದಲೇ ಕೆಲಸ ಮಾಡುವ, ತನ್ನ ಸಮಯ ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವಿದೆ. ಆದರೂ ಅವರು ಬಳಲುತ್ತಾರಲ್ಲ? ಹೌದು. ಎಷ್ಟು ಕೆಲಸ ಎಂಬುದು ಬೇರೆಯವರ ಕೈಯಲ್ಲಿದ್ದು ಯಾವಾಗ ಎಂಬುದಷ್ಟೇ ತನ್ನ ಕೈಯಲ್ಲಿದ್ದರೆ ಅದು ಅರ್ಧ ಹತೋಟಿ. ಹತೋಟಿ ಎಷ್ಟೇ ಇರಲಿ, ಗಂಟೆಗಳಿಗೆ ಮಿತಿ ಬೇಕೇ ಬೇಕು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದದ್ದರಿಂದ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಟ್ಟಾಗಿ ಅಂದಾಜಿಸಿವೆ. ಐಟಿ ಕ್ಷೇತ್ರದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ 2024ರಲ್ಲಿ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘಟನೆಗಳು ವಿರೋಧಿಸಿದ್ದು ಸೋಮಾರಿತನದಿಂದಲ್ಲ. ಈ ಸಾಕ್ಷ್ಯ ಅವರ ಪರವಾಗಿದೆ.

ವೆಚ್ಚದ ಮಾತೂ ಬರುತ್ತದೆ: ಕೆಲಸದ ವ್ಯವಸ್ಥೆ ಬದಲಿಸುವುದು ದುಬಾರಿ ಎಂದು. ಸ್ಟಾಕ್‌ಹೋಮ್ ನಗರದಲ್ಲಿ ಬಸ್ ಚಾಲಕರಿಗೆ ತಾಳ್ಮೆಯ ತರಬೇತಿ ಕೊಡುವ ಬದಲು ಒಂದು ಮಾರ್ಗದಲ್ಲಿ ಪ್ರತ್ಯೇಕ ಬಸ್ ಪಥ, ಸಿಗ್ನಲ್‌ನಲ್ಲಿ ಬಸ್ಸಿಗೆ ಆದ್ಯತೆ, ಉತ್ತಮ ನಿಲ್ದಾಣ ಒದಗಿಸಿದರು; 1999ರಲ್ಲಿ ಪ್ರಕಟವಾದ ಅಧ್ಯಯನದಂತೆ ಆ ಚಾಲಕರ ರಕ್ತದೊತ್ತಡವೂ ಎದೆಬಡಿತವೂ ಇಳಿದವು. ಅದಕ್ಕೆ ಹಣ ಬೇಕಾಯಿತು ನಿಜ. ಆದರೆ ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಮಾಡಿದ್ದು ತೀರ ಅಗ್ಗದ ಕೆಲಸ. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿದ ಹೊತ್ತಿನಲ್ಲಿ ಕೆಲವು ಕಾರ್ಮಿಕರಿಗೆ ಹೆಸರು ಬರೆಯದೆ ತಮ್ಮ ಕೆಲಸ, ಸೂಪರ್‌ವೈಸರ್, ಸಂಬಳದ ಬಗ್ಗೆ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಆ ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವವರ ಪ್ರಮಾಣ ಸುಮಾರು ಐದನೆಯ ಒಂದರಷ್ಟು ತಗ್ಗಿತು. ಬರೀ ಹೇಳಿಕೊಳ್ಳಲು ಬಿಟ್ಟದ್ದಕ್ಕೇ ಇಷ್ಟಾದರೆ, ಹೇಳಿದ್ದನ್ನು ನಡೆಸಿಕೊಟ್ಟರೆ ಎಷ್ಟಾಗಬಹುದೆಂದು ಪರೀಕ್ಷಿಸಿ ನೋಡುವುದು ಯಾವ ಕಾರ್ಖಾನೆಗೂ ಕಷ್ಟವಲ್ಲ.

ಈಗ ಹತೋಟಿಯ ಪ್ರಶ್ನೆ ಎದ್ದಿರುವುದು ಬೀದಿಯಲ್ಲಿ. ಡೆಲಿವರಿ ಕಾರ್ಮಿಕರಿಗೆ ಆರ್ಡರ್ ಹಂಚುವುದು, ರೇಟಿಂಗ್ ಕೊಡುವುದು, ಐಡಿ ಬ್ಲಾಕ್ ಮಾಡುವುದು ಎಲ್ಲವೂ ಆ್ಯಪ್‌ನಿಂದಲೇ. ಕರಾಸೆಕ್ ವಿವರಿಸಿದ ಹೆಚ್ಚು ಹೊರೆ, ಕಡಿಮೆ ಹತೋಟಿಯ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು, ಇಂಥ ಸ್ವಯಂಚಾಲಿತ ನಿರ್ಧಾರಗಳು ಹೇಗೆ ಆಗುತ್ತವೆ ಎಂದು ಕಾರ್ಮಿಕರಿಗೆ ತಿಳಿಸಬೇಕು, ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಡಬೇಕು ಎನ್ನುತ್ತದೆ. ತಿಳಿಯುವ ಹಕ್ಕು ದೊಡ್ಡ ಹೆಜ್ಜೆ. ಆದರೆ ಎಷ್ಟು ನಿಮಿಷದಲ್ಲಿ ತಲುಪಿಸಬೇಕು, ಯಾವ ಆರ್ಡರ್ ಬೇಡವೆನ್ನಬಹುದು ಎಂಬ ನಿಯಮಗಳನ್ನು ಗೊತ್ತುಮಾಡುವಾಗ ಕಾರ್ಮಿಕರ ಪ್ರತಿನಿಧಿಗಳನ್ನೂ ಕೂರಿಸಿಕೊಳ್ಳಬೇಕೆಂಬ ಮಾತು ಇನ್ನು ಮುಂದಿನ ಬೇಡಿಕೆಯಾಗಬೇಕಿದೆ.