ಕೂಡಿಕೊಳ್ಳದ ಕೊರಳೆಲುಬು

ಬೈಕಿನಿಂದ ಬಿದ್ದು ಭುಜ ನೆಲಕ್ಕೆ ಬಡಿದರೆ ಕೊರಳೆಲುಬು, ಅಂದರೆ ಕಾಲರ್ ಬೋನ್, ಮುರಿಯುವುದು ಮಾಮೂಲು. ತೋಳನ್ನು ಸ್ಲಿಂಗಿನಲ್ಲಿ ತೂಗುಹಾಕಿದರೆ ಸಾಕು, ತಾನಾಗಿ ಕೂಡುತ್ತದೆ ಎಂಬ ನಂಬಿಕೆ ಹಿಪೊಕ್ರೆಟಿಸನಷ್ಟು ಹಳೆಯದು. ಅದಕ್ಕೆ ಅಂಕಿಯ ಬಲ ಕೊಟ್ಟವರು ಅಮೆರಿಕದ ಮೂಳೆತಜ್ಞ ಚಾರ್ಲ್ಸ್ ನೀರ್. 1960ರ ಅವರ ಲೆಕ್ಕದಲ್ಲಿ, ಚಾಕು ಮುಟ್ಟಿಸದೆ ನೋಡಿಕೊಂಡ 2,235 ಮಂದಿಯ ಪೈಕಿ ಮೂಳೆ ಕೂಡದೆ ಉಳಿದದ್ದು ಮೂವರಿಗೆ ಮಾತ್ರ. ಆಪರೇಷನ್ ಮಾಡಿದ 45 ಮಂದಿಯಲ್ಲಿ ಇಬ್ಬರಿಗೆ. ಮುಂದೆ ದಶಕಗಟ್ಟಲೆ ಇದೇ ವೇದವಾಕ್ಯವಾಯಿತು.

ಆದರೂ ಕೂಡದ ಮೂಳೆ ಹೊತ್ತು ಬರುವವರು ಇದ್ದೇ ಇದ್ದರು. ಕೆಲವರಿಗೆ ತಂತಿ ತೂರಿಸಿದರು, ಕೆಲವರಿಗೆ ಮೂಳೆಯ ತುಂಡನ್ನೇ ತೆಗೆದುಹಾಕಿದರು. ತೋಳೆತ್ತಿದಾಗಲೆಲ್ಲ ಈ ಎಲುಬು ತನ್ನ ಅಕ್ಷದಲ್ಲೇ ತಿರುಗುತ್ತದೆ. ನಯವಾದ ತಂತಿ ಅಲ್ಲಿ ನಿಲ್ಲುವುದಿಲ್ಲ. ಜಾರಿದ ತಂತಿ ಶ್ವಾಸಕೋಶ, ಹೃದಯದವರೆಗೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ.

1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಎ.ಓ. ಎಂಬ ಶಸ್ತ್ರವೈದ್ಯರ ಗುಂಪು ಮುರಿದ ತುದಿಗಳನ್ನು ಒತ್ತಿ ಹಿಡಿಯುವ ಪ್ಲೇಟನ್ನು ಬಳಕೆಗೆ ತಂದ ಮೇಲೆ ದಾರಿ ಬದಲಾಯಿತು. 1987ರಲ್ಲಿ ಜುಪಿಟರ್ ಮತ್ತು ಲೆಫರ್ಟ್ ಎಂಬ ವೈದ್ಯರು ಬರೆದ ಲೇಖನ, ಮೂಳೆ ಕೂಡದಿರುವುದಕ್ಕೆ ಮೊದಲ ಪೆಟ್ಟಿನಲ್ಲಿ ತುದಿಗಳು ಎಷ್ಟು ದೂರ ಸರಿದಿದ್ದವು ಎಂಬುದೇ ಮುಖ್ಯ ಎಂದು ತೋರಿಸಿತು.

ಕೂಡದ ಮೂಳೆಗೆ ಈಗ ಪ್ರಚಲಿತವಾಗಿರುವ ಆಪರೇಷನ್ನಿನಲ್ಲಿ ಪ್ಲೇಟು ಕೂರಿಸುವುದು ಕೊನೆಯ ಹಂತ. ಅದಕ್ಕೆ ಮೊದಲು ತುದಿಗಳ ನಡುವೆ ಬೆಳೆದ ನಾರಿನಂಥ ಅಂಗಾಂಶವನ್ನು ಕೆರೆದು ತೆಗೆಯಬೇಕು. ಸತ್ತ ಮೂಳೆಯನ್ನು, ರಕ್ತದ ಚುಕ್ಕೆಗಳು ಜಿನುಗುವವರೆಗೆ, ಕತ್ತರಿಸುತ್ತಾ ಹೋಗಬೇಕು. ಹೀಗೆ ಗಿಡ್ಡವಾದ ಎಲುಬಿಗೆ ಹಳೆಯ ಉದ್ದ ತರಲು ಸೊಂಟದ ಮೂಳೆಯಿಂದ ತುಂಡು ತಂದು ನಡುವೆ ಇಡುತ್ತಾರೆ. ಡ್ರಿಲ್ಲಿನ ಮೊನೆಯ ಕೆಳಗೇ ತೋಳಿನ ದೊಡ್ಡ ರಕ್ತನಾಳ, ನರಗಳ ಗುಚ್ಛ. ಪ್ಲೇಟಿಗೆ ಮುರಿತದ ಎರಡೂ ಕಡೆ ಕನಿಷ್ಠ ಮೂರು ಸ್ಕ್ರೂ. ಮೊದಲೇ ಆಪರೇಷನ್ ಆಗಿ ಕೂಡದವರಾದರೆ ಅಲ್ಲಿನ ಅಂಗಾಂಶದ ಮಾದರಿಗಳನ್ನು ಎರಡು ವಾರದವರೆಗೆ ಕಲ್ಚರಿಗೆ, ಅಂದರೆ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆಗೆ, ಇಡುವುದು ಜಾಣತನ. ಭುಜದ ಚರ್ಮದ ಕ್ಯುಟಿಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ನಿಧಾನವಾಗಿ, ಕೀವೂ ಇಲ್ಲದೆ ಬೆಳೆಯುತ್ತದೆ. ಇಷ್ಟೂ ಮಾಡಿ ಸೋತವರಿಗೆ ತೊಡೆಮೂಳೆಯ ಕೆಳತುದಿಯಿಂದ ರಕ್ತನಾಳದ ಸಮೇತ ಮೂಳೆ ಕಸಿ ಮಾಡುವುದುಂಟು.

ಅಷ್ಟರಲ್ಲಿ ನೀರ್ ಅವರ ಅಂಕಿಯೂ ಅಲುಗಾಡಿತ್ತು. 2007ರ ಕೆನಡಾ ಪ್ರಯೋಗದಲ್ಲಿ, ತುದಿಗಳು ಪೂರ್ತಿ ಸರಿದ ವಯಸ್ಕರಲ್ಲಿ, ಸ್ಲಿಂಗ್ ಹಾಕಿದ 49 ಮಂದಿಯ ಪೈಕಿ ಏಳು ಜನಕ್ಕೆ ಕೂಡಲಿಲ್ಲ. ಪ್ಲೇಟು ಹಾಕಿದ 62ರಲ್ಲಿ ಇಬ್ಬರಿಗೆ. ಹಾಗಾದರೆ ಎಲ್ಲರಿಗೂ ಮೊದಲೇ ಪ್ಲೇಟು ಹಾಕಿಬಿಡೋಣವೇ? 2013ರಲ್ಲಿ ರಾಬಿನ್ಸನ್ ತಂಡ ಉತ್ತರಿಸಿತು: ಕೂಡದೆ ಉಳಿದವರನ್ನು ಹೊರಗಿಟ್ಟು ನೋಡಿದರೆ ಸ್ಲಿಂಗ್, ಪ್ಲೇಟು ಎರಡೂ ಗುಂಪಿನ ಭುಜಗಳ ಕೆಲಸದಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಎಲ್ಲರಿಗೂ ಪ್ಲೇಟು ಹಾಕುವುದು ಅತಿಯಾಯಿತು ಎಂದೇ ನನ್ನ ಅನಿಸಿಕೆ. ಆದರೆ ಕೂಡದ್ದನ್ನು ತಿಂಗಳುಗಟ್ಟಲೆ ಕಾಯುತ್ತ ಕೂರುವುದೂ ಸಲ್ಲದು.

ಮುರಿದು ನಾಲ್ಕು ತಿಂಗಳಾದರೂ ನೋವಿದ್ದರೆ, ಒತ್ತಿದಾಗ ತುದಿ ಅಲುಗಿದಂತಾದರೆ, ನಾಟಿ ಕಟ್ಟನ್ನು ಮತ್ತೊಮ್ಮೆ ಬಿಗಿಸಿಕೊಳ್ಳದೆ ಹೊಸ ಎಕ್ಸ್-ರೇ ತೆಗೆಸಿ ಮೂಳೆತಜ್ಞರನ್ನು ಕಾಣಿ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ಬಿಡಿ; ಮೂಳೆ ಕೂಡದಂತೆ ತಡೆಯುವ ಕಾರಣಗಳಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಅದೊಂದೇ.