ಶಾಲೆಯ ಬೀಗದ ಕೈ

ಮಂಗಳೂರಿನ ಹಳೆಯ ಹೈಸ್ಕೂಲುಗಳು ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ ಹತ್ತಿರ ಇವೆ. ಗುಡ್ಡದ ಮೇಲೆ ಜೆಸ್ವಿತ್ ಪಾದ್ರಿಗಳದ್ದು, ಹಂಪನಕಟ್ಟೆಯಲ್ಲಿ ಸರ್ಕಾರದ್ದು, ಡೊಂಗರಕೇರಿಯಲ್ಲಿ ಊರ ವಕೀಲರು ಕಟ್ಟಿದ್ದು. ಇದಕ್ಕೆ ಓದುವ ಮಕ್ಕಳ ನೂಕುನುಗ್ಗಲು ಮಾತ್ರ ಕಾರಣವಲ್ಲ. ಇಂಗ್ಲಿಷ್ ಶಾಲೆ ಬೇಕು ಎಂಬುದರಲ್ಲಿ ಇಲ್ಲಿನ ಅನುಕೂಲಸ್ಥರಿಗೆ ಅನುಮಾನವಿರಲಿಲ್ಲ. ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದೇ ತಕರಾರು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಶಾಲೆಯನ್ನೂ ತೆರೆದರು. ಸರ್ಕಾರಿ ನೌಕರಿಯ ಮೇಲೆ ಕಣ್ಣಿದ್ದ ಸಾರಸ್ವತ ಬ್ರಾಹ್ಮಣ ಮನೆಗಳು ಗಂಡುಮಕ್ಕಳನ್ನು ಅಲ್ಲಿಗೆ ಕಳಿಸಿದವು. ಬೈಬಲ್ ಪಾಠವನ್ನು ಸಹಿಸಿಕೊಂಡರಾಯಿತು, ಇಂಗ್ಲಿಷ್ ಬಂದರೆ ಸಾಕು ಎಂಬ ಲೆಕ್ಕಾಚಾರ. 1844ರ ಜನವರಿಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಆ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಮತ್ತು ಅವನ ಇಬ್ಬರು ಗೆಳೆಯರು ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕಂಗಾಲಾಯಿತು. ಕೌಂಡಿನ್ಯ ಮುಂದೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿಯೇ ಮರಳಿ ಬಂದರು. ಶಾಲೆ ನಡೆಸುವವನು ಪಾಠವನ್ನಷ್ಟೇ ಹೇಳಿಕೊಡುವುದಿಲ್ಲ ಎಂಬುದು ಮಂಗಳೂರಿನವರಿಗೆ ಹೀಗೆ ಮನೆಯೊಳಗಿಂದಲೇ ಗೊತ್ತಾಯಿತು.

ಸರ್ಕಾರವೇ ನಡೆಸಿದರೆ ಜಾತಿ ಮತದ ರಗಳೆ ಇಲ್ಲ ಎಂದುಕೊಂಡವರಿಗೆ 1868ರಲ್ಲಿ ಶುರುವಾದ ಸರ್ಕಾರಿ ಶಾಲೆ ಸಮಾಧಾನ ತಂದಿರಬೇಕು. ಈಗಿನ ವಿಶ್ವವಿದ್ಯಾನಿಲಯ ಕಾಲೇಜಿನ ಮೂಲ ಅದೇ. ಆದರೆ ಸರ್ಕಾರಕ್ಕೆ ಹೈಸ್ಕೂಲುಗಳನ್ನು ತಾನೇ ಸಾಕುವ ಉಮೇದು ಹೆಚ್ಚು ಕಾಲ ಉಳಿಯಲಿಲ್ಲ. 1882ರ ಹಂಟರ್ ಆಯೋಗ, ಪ್ರೌಢ ಶಿಕ್ಷಣವನ್ನು ಖಾಸಗಿಯವರಿಗೆ ಬಿಟ್ಟು, ಗ್ರಾಂಟು ಕೊಟ್ಟು, ಸರ್ಕಾರ ಮೆಲ್ಲಗೆ ಹಿಂದೆ ಸರಿಯಲಿ ಎಂದಿತು.

ಅಷ್ಟರಲ್ಲಿ ಕ್ರೈಸ್ತರು ತಮ್ಮ ದಾರಿ ಹಿಡಿದಾಗಿತ್ತು. ಇಲ್ಲಿನ ಕೊಂಕಣಿ ಕ್ಯಾಥೊಲಿಕರು ನೇರವಾಗಿ ರೋಮಿಗೇ ಅರ್ಜಿ ಹಾಕಿ, ಕಾಲೇಜು ನಡೆಸಬಲ್ಲ ಜೆಸ್ವಿತರನ್ನು ಕಳಿಸಿ ಎಂದು ಕೇಳಿಕೊಂಡರು. 1878ರ ಕೊನೆಯ ದಿನ ಪಾದ್ರಿಗಳು ಬಂದಿಳಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜಿನ ತರಗತಿಗಳು ಶುರುವಾದವು. ಲಾರೆನ್ಸ್ ಲೋಬೊ ಪ್ರಭು ಎಂಬವರು ಗುಡ್ಡವನ್ನೇ ದಾನ ಕೊಟ್ಟರು. ಊರವರೇ ಬೇಕಾದ ಆಡಳಿತಗಾರರನ್ನು ಆರಿಸಿ, ಸಮುದ್ರದಾಚೆಯಿಂದ ಕರೆಸಿಕೊಂಡ ಈ ಚಾಲಾಕಿತನ ನನಗೆ ಬಹಳ ಇಷ್ಟ.

ಹಿಂದೂಗಳಲ್ಲಿ ಆ ಕೆಲಸಕ್ಕೆ ಮುಂದಾದವರು ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ. ಗ್ರಾಂಟು ಕೊಡುವ ಕಾಲ ಬಂದಿರುವಾಗ ನಾವೇ ಯಾಕೆ ನಡೆಸಬಾರದು ಎಂಬ ಧೈರ್ಯದಿಂದ ಅವರೂ ಸಂಗಡಿಗರೂ 1891ರಲ್ಲಿ ಕೆನರಾ ಹೈಸ್ಕೂಲು ತೆರೆದರು. ಮೂರೇ ವರ್ಷಕ್ಕೆ, 1894ರಲ್ಲಿ, ಹೆಣ್ಣುಮಕ್ಕಳಿಗೂ ಒಂದಾಯಿತು; ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1906ರಲ್ಲಿ ಇದೇ ಪೈ ಕಟ್ಟಿದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕಾಯಿತು. ಬ್ಯಾಂಕಿನ ಹೆಸರು ದೇಶಕ್ಕೆಲ್ಲ ಗೊತ್ತು. ಅದು ಶಾಲೆಯ ತಮ್ಮ ಎಂಬುದು ಮಂಗಳೂರಿನ ಹೊರಗೆ ಎಷ್ಟು ಜನರಿಗೆ ಗೊತ್ತೋ.

ಈ ಎಲ್ಲ ಜಗ್ಗಾಟ ಬೀಗದ ಕೈ ಕೇಳುವ ಶಕ್ತಿ ಇದ್ದವರ ನಡುವಿನದು. ಆ ಶಕ್ತಿ ಇಲ್ಲದವರ ಕತೆ ಬೇರೆ. ಕೆನರಾ ಹೈಸ್ಕೂಲು ಶುರುವಾದ ಮರುವರ್ಷವೇ, 1892ರಲ್ಲಿ, ಇನ್ನೊಬ್ಬ ಸಾರಸ್ವತ ವಕೀಲರಾದ ಕುದ್ಮುಲ್ ರಂಗರಾವ್ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಆ ಮಕ್ಕಳಿಗೆ ಹೈಸ್ಕೂಲಿನ ಮಾತು ಹಾಗಿರಲಿ, ಅಆಇಈಯಿಂದಲೇ ಶುರುಮಾಡಬೇಕಿತ್ತು. ಆ ಶಾಲೆಯನ್ನು ತಾವು ನಡೆಸುತ್ತೇವೆಂದು ಪೈಪೋಟಿಗೆ ಬಂದವರು ಇರಲಿಲ್ಲ.